ಸ್ಲೈಡು ಒಡೆದವರೇ ಸ್ಲೈಡು ಮಾಡಬೇಕು

ಕಣ್ಣಿಗೆ ಕಾಣದ ಪ್ರಾಣಿಗಳನ್ನು ತೋರಿಸಿ ಸಂಬಳ ತಗೊಳ್ಳೋ ಕೆಲಸ ನಮ್ಮದು. ಇಂಥ ಕಡೆ ನಗೋ ಪ್ರಸಂಗ ನಡೀದೇ ಇದ್ದರೇ ಆಶ್ಚರ್ಯ.

ಎಪ್ಪತ್ತರ ದಶಕದಲ್ಲಿ ನಾನು ಬೆಂಗಳೂರು ರಾಜಾಜಿನಗರದ ಒಂದು ಹೆಣ್ಣುಮಕ್ಕಳ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಹೇಳಿಕೊಡಲು ಸೇರಿದೆ. ಬಿಎಸ್ಸಿಗೆ ಇನ್ನೂ ಖಾಯಂ ಮಾನ್ಯತೆ ಸಿಕ್ಕಿರಲಿಲ್ಲ. ಯೂನಿವರ್ಸಿಟಿಯ ಕಮಿಷನ್ ಬಂದು ಲ್ಯಾಬ್ ನೋಡಿ ಒಪ್ಪಬೇಕಿತ್ತು, ಒಪ್ಪದಿದ್ದರೆ ಕ್ಲಾಸು ಬಂದ್. ಮೆಜೆಸ್ಟಿಕ್ ದಾಟಿಸಿ ದೂರದ ಕಾಲೇಜಿನಲ್ಲಿ ಓದಿಸೋ ಅಪ್ಪಂದಿರು ನಮ್ಮ ಕಡೆ ಕಡಿಮೆ. ಹುಡುಗಿಯರ ಓದು ಅಲ್ಲಿಗೇ ಮುಗೀತಿತ್ತು.

ಲ್ಯಾಬಿನಲ್ಲಿ ಮೈಕ್ರೋಸ್ಕೋಪ್ ಇತ್ತು, ಅದರ ಕೆಳಗಿಡೋಕೆ ಜೀವಿಗಳನ್ನು ಅಂಟಿಸಿದ ಗಾಜಿನ ಸ್ಲೈಡೇ ಇರಲಿಲ್ಲ. "ತರಿಸೋ ಹೊತ್ತಿಗೆ ನಾವು ಮುದುಕಿಯರಾಗ್ತೀವಿ ಕಣೇ, ಮಾಡೇಬಿಡೋಣ" ಅಂತ ನಮ್ಮ ಹೆಡ್ ಮೇಡಂ ಸೆರಗು ಸಿಕ್ಕಿಸಿ ಕೂತರು. ಅಂಥ ಹೆಂಗಸನ್ನು ನಾನು ಮತ್ತೆ ನೋಡಲಿಲ್ಲ.

ಯಾವ ಕಾಯಿಲೆಗೆ?

ಮೊದಲು ಜೀವಿಗಳು ಬೇಕಲ್ಲ, ಬಾಟಲಿ ಹಿಡಕೊಂಡು ಉಲ್ಲಾಳದ ಕೆರೆಗೆ ಹೋದೆವು. ಮೇಡಂ ಪಾಚಿ ಕಟ್ಟಿದ ಮೂಲೆಯನ್ನೇ ಹುಡುಕಿ ನೀರು ತುಂಬಿಸಿದರು. ದನ ತೊಳೀತಿದ್ದವರೊಬ್ಬರು, "ಅಮ್ಮಾ, ಆ ಕಡೆ ಚೊಕ್ಕ ನೀರೈತೆ" ಅಂದರು. "ಬೇಡಪ್ಪ, ನಮಗೆ ಇದೇ ಚೊಕ್ಕ" ಅಂದರು ಮೇಡಂ.

ವಾಪಸು ಬರುವಾಗ ಬಸ್ಸಿನಲ್ಲಿ ಪಕ್ಕದ ಅಜ್ಜಿ ಆ ಹಸಿರು ನೀರನ್ನೇ ನೋಡ್ತಾ ಕೂತಿತ್ತು. ಕೊನೆಗೆ ತಡೀಲಾರದೆ ಕೇಳಿತು, "ಇದು ಯಾವ ಕಾಯಿಲೆಗೆ ಕೊಡ್ತಾರವ್ವ?"

ಮೇಡಂ ಮುಖ ಗಂಭೀರ. "ಬಿಎಸ್ಸಿಗೆ ಅಜ್ಜಿ."

"ಪಾಪ," ಅಂದಿತು ಅಜ್ಜಿ, "ಬೇಗ ವಾಸಿಯಾಗ್ಲಿ."

ಅತ್ತೆಯ ಹಾಲು

ಬಸವೇಶ್ವರನಗರದಲ್ಲಿ ಮೇಡಂ ಮನೆ. ಬಾಡಿಗೆ ಪೋರ್ಷನ್ನು, ಎರಡೇ ಕೋಣೆ. ಒಣಹುಲ್ಲು ನೆನೆಸಿದ ಜಾಡಿಗೆ ಆ ಕೆರೆ ನೀರು ಹಾಕಿ ಪ್ಯಾರಮೀಸಿಯಂ ಅನ್ನೋ ಏಕಕೋಶ ಜೀವಿಗಳನ್ನು ಸಾಕುತ್ತಿದ್ದರು. ಅವರ ಅತ್ತೆ ಧಾರವಾಡದ ಕಡೆಯವರು, ಶಿವಪೂಜೆ ಆಗದೆ ನೀರೂ ಕುಡಿಯದವರು. "ಏನದು ವಾಸನಿ" ಅಂತ ದಿನಾ ಗೊಣಗುತ್ತಿದ್ದರು. ಮೇಡಂ ಒಂದು ದಿನ ಕರೆದು ಲ್ಯಾಬಿನಿಂದ ತಂದ ಮೈಕ್ರೋಸ್ಕೋಪಿನಲ್ಲಿ ತೋರಿಸಿದರು.

"ಅಯ್ಯ, ಎಷ್ಟು ಓಡ್ಯಾಡತಾವ. ಏನು ತಿಂತಾವವ್ವಾ ಇವು?"

ಅವತ್ತಿನಿಂದ ಪೂಜೆ ಮುಗಿದ ಮೇಲೆ ಜಾಡಿಗೂ ಒಂದು ತೊಟ್ಟು ಹಾಲು. ಅಷ್ಟಾದ ಮೇಲೆ ಅವನ್ನು ಔಷಧಿಯಲ್ಲಿ ಸಾಯಿಸಿ, ಬಣ್ಣ ಹಾಕಿ ಸ್ಲೈಡು ಮಾಡ್ತೀನಿ ಅಂತ ಅತ್ತೆಗೆ ಹೇಳೋದು ಹೇಗೆ? ಒಂದು ದಿನ ಅವರೇ ತಯಾರಾದ ಸ್ಲೈಡಿಗೆ ಕಣ್ಣಿಟ್ಟರು.

"ನಿನ್ನೆ ಓಡ್ಯಾಡತಿದ್ವು, ಇವತ್ತ್ಯಾಕ ಸುಮ್ನ ನಿಂತಾವ?"

ಮೇಡಂ ತಡಬಡಾಯಿಸಿ, "ಫೋಟೋಕ್ಕೆ ನಿಂತಾವ್ರೀ ಅತ್ತೆ" ಅಂದುಬಿಟ್ಟರು.

ಅತ್ತೆ ಇನ್ನೊಮ್ಮೆ ನೋಡಿದರು. "ಹೌದೌದು, ಮೈತುಂಬ ಗುಲಾಬಿ ಬಣ್ಣ ಹಚಕೊಂಡು ನಿಂತಾವ."

ಚೆಂದದ ಅಮೀಬಾ

ಸ್ಲೈಡಿನ ಮೇಲೆ ಅಂಟು ಹಾಕಿ ತೆಳು ಗಾಜು ಮುಚ್ಚುವಾಗ ಕೈ ಸ್ವಲ್ಪ ಅವಸರ ಮಾಡಿದರೂ ಗಾಳಿಗುಳ್ಳೆ ಕೂರುತ್ತೆ. ಒಮ್ಮೆ ನಾನು ಮಾಡಿದ ಸ್ಲೈಡಿನಲ್ಲಿ ಹಾಗೇ ಆಯ್ತು. ಇಡೀ ಕ್ಲಾಸು ಆ ಗುಳ್ಳೆಯನ್ನೇ ಅಮೀಬಾ ಅಂತ ಬರೆದು, ಪುಸ್ತಕದಲ್ಲಿದ್ದ ಭಾಗಗಳನ್ನೆಲ್ಲ ಅದರೊಳಗೆ ತುಂಬಿಸಿಟ್ಟಿತ್ತು. ಮೇಡಂ ಬೈಯಲಿಲ್ಲ. "ಗಾಳಿಯೊಳಗೇ ನ್ಯೂಕ್ಲಿಯಸ್ ಕಂಡಿದೀರಿ, ನಿಜವಾದ ಅಮೀಬಾ ಸಿಕ್ಕಿದ್ರೆ ಮೂಗುತಿನೂ ಬರೀತಿದ್ರಿ. ಇರೋದನ್ನ ಬರೀರಿ, ಇರೋದನ್ನ ಹೇಳಿ" ಅಂದರು.

ಸ್ಲೈಡು ಒಡೆದರೆ ದಂಡ ಹಾಕುವ ಪದ್ಧತಿಯೂ ಅವರಿಗಾಗದು. ಗೋಡೆಗೆ ಒಂದು ಬೋರ್ಡು ಹಾಕಿದ್ದರು: ಸ್ಲೈಡು ಒಡೆದವರೇ ಸ್ಲೈಡು ಮಾಡಬೇಕು. ಅದರಿಂದಲೇ ನಮ್ಮ ಹುಡುಗಿಯರ ಕೈ ಪಳಗಿತು.

ಕಮಿಷನ್

ಕೊನೆಗೂ ಕಮಿಷನ್ ಬಂತು. ಅಧ್ಯಕ್ಷರು ಪ್ರಾಣಿಶಾಸ್ತ್ರದ ದೊಡ್ಡ ಪ್ರೊಫೆಸರು, ಆದರೆ ಆಡಳಿತಕ್ಕೆ ಹೋಗಿ ಮೈಕ್ರೋಸ್ಕೋಪ್ ಮುಟ್ಟಿ ಬಹಳ ಕಾಲವಾಗಿತ್ತು. ಮೇಡಂ ಮನೆಯ ಜಾಡಿಯನ್ನೂ ಅವತ್ತು ಲ್ಯಾಬಿಗೆ ತಂದಿದ್ದರು. ಮೊದಲು ತಮ್ಮ ಅಪರೂಪದ ಸ್ಲೈಡು ಇಟ್ಟರು: ಎರಡು ಪ್ಯಾರಮೀಸಿಯಂ ಜೋಡಿಯಾಗಿ ಅಂಟಿಕೊಂಡದ್ದು, ಬೇಕೆಂದಾಗ ಸಿಗೋದಲ್ಲ. ಅಧ್ಯಕ್ಷರು ಕಣ್ಣಿಟ್ಟು ದೊಡ್ಡ ತಿರುಪು ತಿರುಗಿಸಿದರು, ಲೆನ್ಸು ಇಳಿದು ಸ್ಲೈಡಿಗೆ ತಗುಲಿ ಟಿಕ್ ಅಂತ ಒಡೀತು.

ಮುಗೀತು ಅಂದುಕೊಂಡೆ. ಪ್ರಿನ್ಸಿಪಾಲರು ಕರವಸ್ತ್ರ ತೆಗೆದರು. ಅಧ್ಯಕ್ಷರ ಮುಖ ಸಪ್ಪಗಾಯ್ತು. "ಇದಕ್ಕೆ ಈಗ ಏನು ಮಾಡೋದಮ್ಮ?"

ಮೇಡಂ ಗೋಡೆಯ ಬೋರ್ಡಿನ ಕಡೆ ನೋಡಿದರು. ಅವರೂ ನೋಡಿದರು. ಆಮೇಲೆ ಮೆಲ್ಲಗೆ ಕೋಟು ಬಿಚ್ಚಿ ಕುರ್ಚಿಗೆ ಹಾಕಿ, "ಪ್ಯಾರಮೀಸಿಯಂ ಜಾಡಿ ಎಲ್ಲಿದೆ?" ಅಂದರು.

ಊಟದ ಹೊತ್ತು ಮೀರಿತು. ಆ ಮನುಷ್ಯ ಬೆವರು ಒರೆಸಿಕೊಳ್ತಾ ಬಣ್ಣ ಹಾಕಿ, ಅಂಟು ಹಾಕಿ ಸ್ಲೈಡು ಮುಗಿಸಿ, ಹತ್ತಿರ ನಿಂತಿದ್ದ ಹುಡುಗಿಯನ್ನು ಕರೆದರು. "ಬಾಮ್ಮ, ಏನು ಕಾಣುತ್ತೆ ಹೇಳು."

ಅವಳು ನೋಡಿದಳು. ತಿರುಗಿ ಮೇಡಂ ಮುಖ ನೋಡಿದಳು. ಮೇಡಂ ಅಂದರು, "ಇರೋದನ್ನ ಹೇಳು."

"ಗಾಳಿಗುಳ್ಳೆ ಸಾರ್."

ಅಧ್ಯಕ್ಷರು ತಾವೇ ಬಗ್ಗಿ ಬಹಳ ಹೊತ್ತು ನೋಡಿದರು. ಎದ್ದಾಗ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳೋ ಅಷ್ಟು ನಗ್ತಿದ್ದರು. "ನನ್ನ ಮುಖಕ್ಕೇ ಗಾಳಿಗುಳ್ಳೆ ಅನ್ನೋ ಹಾಗೆ ಕಲಿಸಿದೀರಿ ಮೇಡಂ. ಇನ್ನೇನು ನೋಡೋದಿದೆ, ಮಾನ್ಯತೆಗೆ ಬರೀತೀನಿ."

ಕ್ಲಾಸು ಉಳೀತು. ಮುಂದಿನ ವರ್ಷ ಹೊಸ ಹುಡುಗಿಯರಿಗೆ ಮೇಡಂ ಮೊದಲು ತೋರಿಸಿದ್ದು ಅಧ್ಯಕ್ಷರು ಮಾಡಿದ ಅದೇ ಸ್ಲೈಡು. "ಇದು ಗಾಳಿಗುಳ್ಳೆ, ಅಮೀಬಾ ಅಂತ ಬರೀಬೇಡಿ. ಹುಷಾರಾಗಿ ಮುಟ್ಟಿ. ಇದು ಒಡೆದ್ರೆ, ಇಂಥದ್ದು ಮಾಡಿಕೊಡೋಕೆ ಮತ್ತೆ ಕಮಿಷನ್ನೇ ಬರಬೇಕು."