ನಡುಕ ಹೋಯ್ತು, ಬೊಜ್ಜು ಬಂತು

ಊರಲ್ಲಿ ಯಾರಿಗೂ ಆಗದ್ದು ನನಗೊಬ್ಬನಿಗೇ ಆಗುತ್ತಿರುತ್ತದೆ. ಶಿರಾದಿಂದ ಪಾವಗಡದವರೆಗೆ ಕುರಿ ದಲ್ಲಾಳಿಗಳು ಬೇಕಾದಷ್ಟಿದ್ದಾರೆ; ತಲೆಯೊಳಗೆ ಕರೆಂಟು ಇಟ್ಟುಕೊಂಡು ಸಂತೆಗೆ ಹೋದವನು ನಾನೊಬ್ಬನೇ.

೧. ಏರುತ್ತಲೇ ಹೋದ ರೇಟು

ನಮ್ಮ ವ್ಯಾಪಾರ ಬಾಯಲ್ಲಲ್ಲ, ಟವೆಲ್ ಕೆಳಗೆ. ಒಬ್ಬರ ಬೆರಳು ಒಬ್ಬರು ಹಿಡಿದು ರೇಟು ಹೇಳಬೇಕು, ಬೆರಳು ಹೆಚ್ಚಿದಷ್ಟೂ ರೇಟು ಹೆಚ್ಚು; ಸುತ್ತ ನಿಂತವರಿಗೆ ಕಾಣಬಾರದು. ಪಾರ್ಕಿನ್ಸನ್ ಶುರುವಾದ ಹೊಸತರಲ್ಲಿ ಪಾವಗಡ ಕಡೆಯ ಮಟನ್ ಅಂಗಡಿಯವನೊಬ್ಬ ನನ್ನ ಬೆರಳು ಹಿಡಿದ. ಅದು ನಡುಗಿತು. ನಾನು ಒಪ್ಪಲಿಲ್ಲ ಅಂದುಕೊಂಡು ಇನ್ನೊಂದು ಬೆರಳು ಸೇರಿಸಿದ. ಅದೂ ನಡುಗಿತು. ಕೊನೆಗೆ ಇಡೀ ಮುಂಗೈ ಹಿಡಿದು, "ಸರಿ ಬುಡು ಮಾಮಾ, ಇನ್ನು ನನ್ ಕೈಲಾಗಲ್ಲ" ಅಂದ. ಬಂದ ರೇಟಿಗೆ ಟಗರೇ ನಾಚಿಕೊಂಡಿತು.

ಕಾಯಿಲೆ ಅಂತ ಗೊತ್ತಾದ ಮೇಲೆ ಯಾರೂ ಬೆರಳು ಕೊಡಲಿಲ್ಲ. "ನಿನ್ ಕೈ ಏನ್ ಹೇಳ್ತದೋ ನಿಂಗೇ ಗೊತ್ತಿಲ್ಲ, ಬುಡು ಮಾವ" ಅಂದರು. ಮೀಸೆ ಬರುವ ಮುಂಚೆ ಹಿಡಿದ ಕಸುಬು ಅಲ್ಲಿಗೆ ಮುಗಿಯಿತು.

೨. ಗಾಳಿಗೆ ಹೋದ ಮುದ್ದೆ

ಮತ್ತೆ ಆ ಟವೆಲ್ ಕೆಳಗೆ ಕೈ ಇಡಬೇಕೆಂದೇ, ಮನೆಯಲ್ಲಿದ್ದ ಕುರಿಮಂದೆ ಮಾರಿ, ಬೆಂಗಳೂರಿಗೆ ಹೋಗಿ ತಲೆ ಕೊರೆಸಿಕೊಂಡೆ. ಮಿದುಳಿಗೆ ತಂತಿ, ಎದೆಯ ಚರ್ಮದೊಳಗೆ ಬ್ಯಾಟರಿ, ಅದನ್ನು ಆನ್-ಆಫ್ ಮಾಡಲು ಜೇಬಲ್ಲಿ ರಿಮೋಟು. ನಡುಕ ನಿಂತಿತು, ಹೊಟ್ಟೆ ನಿಲ್ಲಲಿಲ್ಲ. ತಿನ್ನುವ ಮುದ್ದೆ ಮೊದಲಿನಷ್ಟೇ, ಅಂಗಿಯ ಗುಂಡಿಗಳು ಮಾತ್ರ ಕವಣೆ ಕಲ್ಲಿನ ಹಾಗೆ ಹಾರತೊಡಗಿದವು.

ಡಾಕ್ಟರು, "ಮುಂಚೆ ತಿಂದಿದ್ದರಲ್ಲಿ ಎಷ್ಟೋ ನಡುಗೋದ್ರಲ್ಲೇ ಕರಗ್ತಿತ್ತು. ಈಗ ಮೈಮೇಲೆ ಉಳೀತಿದೆ" ಅಂದರು.

ನನ್ನ ಹೆಂಡತಿ, "ಹಂಗಾದ್ರೆ ಇಷ್ಟು ವರ್ಷ ನಾನು ಮುದ್ದೆ ತಿರುವಿದ್ದು ಗಾಳಿಗಾ?" ಅಂದಳು.

೩. ಬೀಗರ ಬಾಳೆಹಣ್ಣು

ಕಳ್ಳಂಬೆಳ್ಳದ ಬೀಗರು ಬಾಳೆಹಣ್ಣು ಹಿಡಿದು ನೋಡಲು ಬಂದರು. ಕುರಿ ಸಾಕುವವರ ಕೈ ಸುಮ್ಮನಿರುತ್ತದೆಯೇ? ನನ್ನ ಬೆನ್ನು ಸವರಿ, ಸೊಂಟ ಅದುಮಿ, ನನ್ನ ಹೆಂಡತಿಗೆ, "ಬರೀ ಕೊಬ್ಬು ಕಣಮ್ಮ, ಮಾಂಸ ಇಲ್ಲ" ಅಂದರು. ಹೊರಡುವಾಗ ಬಾಳೆಹಣ್ಣನ್ನೂ ಎತ್ತಿಕೊಂಡರು. "ಬೇಜಾರು ಮಾಡ್ಕಬೇಡಿ, ಕಾಯಿಲೆಯವರಿಗೆ ಅಂತ ತಂದಿದ್ದು."

೪. ಮತ್ತೆ ಟವೆಲ್ ಕೆಳಗೆ

ಹೆಗಲಿಗೆ ಹೊಸ ಟವೆಲ್ ಹಾಕಿಕೊಂಡು ಸಂತೆಗೆ ಹೋದೆ. ಸಿಕ್ಕಿದವನು ಅದೇ ಪಾವಗಡದವನು. ಬೆರಳು ಕೊಟ್ಟೆ. ಕಲ್ಲುಕಂಬದಂತೆ ನಿಂತಿತ್ತು. ಅವನು ಬೆರಳು ಬಿಟ್ಟು ನನ್ನ ಹೊಟ್ಟೆ ನೋಡಿದ.

"ಅಂದ್ರೆ ಅವತ್ತು ನಡುಗಿಸಿದ್ದು ನಾಟಕ. ನಮ್ ತಲೆ ಒಡೆದು ತಿಂದು ಇಂಗೆ ಊದಿದ್ದೀಯ."

ಜನ ಸೇರಿದರು. "ಕಾಯಿಲೆಯವನಾ ಇವನು? ಕಳ್ಳ ಕಣ್ಲಾ" ಅಂದ ಒಬ್ಬ. ತಂತಿ, ರಿಮೋಟು, ನಡುಕ ನಿಂತು ಮೈ ಬಂದದ್ದು ಎಲ್ಲಾ ಹೇಳಿ, ತಲೆಯ ಗಾಯ ತೋರಿಸಿದೆ. "ಟಗರು ಗುದ್ದಿರಬೇಕು" ಅಂದ ಇನ್ನೊಬ್ಬ.

ಕಳ್ಳ ಅನ್ನಿಸಿಕೊಂಡರೆ ಈ ಜನ್ಮದಲ್ಲಿ ಯಾರೂ ಬೆರಳು ಕೊಡುವುದಿಲ್ಲ. ರಿಮೋಟು ತೆಗೆದು ಆಫ್ ಮಾಡಿದೆ. ಸ್ವಲ್ಪ ಹೊತ್ತಿಗೆ ಬೆರಳು, ತೋಳು, ದವಡೆ ನಡುಗತೊಡಗಿದವು. ಆಮೇಲೆ ಹೊಟ್ಟೆಯೂ ಸೇರಿಕೊಂಡಿತು. ಅದು ಕುಲುಕಿದ ರಭಸಕ್ಕೆ ಮೇಕೆಗಳು ಹಗ್ಗ ಕಿತ್ತುಕೊಂಡು ಓಡಿದವು.

ಪಾವಗಡದವನ ಕಣ್ಣಲ್ಲಿ ನೀರು. "ಪಾಪ, ನಿಜವೇ ಕಣ್ ಮಾಮಾ. ಆದ್ರೆ ಇಂಥಾ ಕೈ ಜೊತೆ ವ್ಯಾಪಾರ ಹೆಂಗೆ ಮಾಡೋದು?" ಅಂದು, ಟವೆಲ್ಲನ್ನು ಮಡಿಸಿ ನನ್ನ ಹೆಗಲಿಗೆ ಹಾಕಿ, ಪಕ್ಕದ ದಲ್ಲಾಳಿಗೆ ಬೆರಳು ಕೊಟ್ಟ.

ಮತ್ತೆ ಆನ್ ಮಾಡಲು ರಿಮೋಟಿನ ಗುಂಡಿಗೆ ತಡಕಾಡುತ್ತಿದ್ದೆ. ಅವನು ಅಲ್ಲಿಂದಲೇ ತಿರುಗಿ, ನನ್ನ ಒಳ್ಳೆಯದಕ್ಕೇ ಹೇಳಿದ:

"ಅದು ಆಫ್ ಆಗೇ ಇರ್ಲಿ ಬುಡು ಮಾಮಾ. ತೂಕನಾದ್ರೂ ಇಳೀತದೆ."