ಮೋಟಾರಿಗೊಬ್ಬ ಜಾಮೀನುದಾರ

ಲಿಂಗಸೂಗೂರಿನ ಬಸ್ಸಿನಿಂದ ಇಳಿದ ಆ ಹಿರಿಯರು ಮಸ್ಕಿಯ ಕರಿಬಸಯ್ಯನ ಹೋಟೆಲಿನಲ್ಲಿ ಕೂತು, ಅರ್ಧ ಚಹಾ ಕುಡಿದು, "ಈ ಊರಾಗ ಅಮರಗುಂಡಪ್ಪ ಅಂಬೋ ಹುಡುಗ ಹೆಂಥಾಂವ್ರಿ?" ಎಂದು ಕೇಳಿದ್ದೇ ಎಲ್ಲಕ್ಕೂ ಮೂಲ. ಮನೆತನ ಹೇಗೆ, ಹೊಲ ಎಷ್ಟು, ಚಟಗಿಟ ಉಂಟೇ ಎಂದೂ ವಿಚಾರಿಸಿದರು. ಹಣೆ ತುಂಬ ವಿಭೂತಿ, ಕಚ್ಚೆ ಧೋತರ, ಕರೀ ಕೋಟು, ಬಗಲಲ್ಲಿ ಛತ್ರಿ. ಇಂಥ ವೇಷದವರು ಮದುವೆಯಾಗದ ಹುಡುಗನ ಬಗ್ಗೆ ಇಂಥ ಪ್ರಶ್ನೆ ಕೇಳಿದರೆ ಮಸ್ಕಿಯ ತೊಟ್ಟಿಲ ಕೂಸಿಗೂ ಅರ್ಥವಾಗುತ್ತದೆ: ಹೆಣ್ಣಿನ ಕಡೆಯವರು ಬಂದಿದ್ದಾರೆ.

ಆ ಅರ್ಥವೇ ತಪ್ಪು. ಅವರು ಮೈಲಾರಲಿಂಗಪ್ಪ. ರಾಯಚೂರಿನಲ್ಲಿ ಕಿಸ್ತಿನ ಮೇಲೆ ಮೋಟಾರು ಕೊಡುವ ಕಂಪನಿಯೊಂದರ ತಪಾಸಣೆಯ ಮನುಷ್ಯ. ಕೊಡುವ ಮೊದಲು ಕೊಳ್ಳುವವನ ಊರಿಗೇ ಬಂದು ನಾಲ್ಕು ಬಾಯಿಂದ ನಾಲ್ಕು ಮಾತು ಕೇಳಿಕೊಂಡು ಹೋಗುವುದು ಅವರ ಕೆಲಸ.

ಮೋಟಾರು ಬೇಕಾಗಿದ್ದ ಅಮರಗುಂಡಪ್ಪ ಆ ಹೊತ್ತಿಗೆ ಸೋದರಮಾವ ಬಸವಂತರಾಯನ ಕಿರಾಣಿ ಅಂಗಡಿಯಲ್ಲಿ ಬೆಲ್ಲ ತೂಗುತ್ತಿದ್ದ. ತಂದೆ ತೀರಿಕೊಂಡ ಮೇಲೆ ಮೀಸೆ ಮೂಡುವ ಮೊದಲೇ ಈ ಅಂಗಡಿ ಹತ್ತಿದವನು, ಈಗ ಮೀಸೆ ತಿರುವುವ ವಯಸ್ಸಾದರೂ ಇಳಿದಿರಲಿಲ್ಲ. ಮಾವ ಕೆಟ್ಟವನಲ್ಲ. ಆದರೆ ಬೆಳಗಿನಿಂದ ದೀಪ ಹಚ್ಚುವವರೆಗೆ ಮಾವನ ಕೆಮ್ಮು ಕೇಳುತ್ತ ಕೂರುವುದು ಯಾರಿಗೆ ತಾನೇ ಬೇಕು! ಹಾಗಾಗಿ ಹುಡುಗ ಗುಟ್ಟಾಗಿ ಹಟ್ಟಿಯ ಲಾರಿ ಡ್ರೈವರ್ ಇಸ್ಮಾಯಿಲ್‌ಸಾಬನ ಹತ್ತಿರ ಮೋಟಾರು ನಡೆಸಲು ಕಲಿತು ಲೈಸನ್ಸು ಮಾಡಿಸಿಕೊಂಡಿದ್ದ. ಲಿಂಗಸೂಗೂರಿನಿಂದ ಸಿಂಧನೂರಿಗೆ ಬಾಡಿಗೆ ಮೋಟಾರು ಓಡಿಸಬೇಕು, ದಾರಿಯಲ್ಲಿ ಅಂಗಡಿಯ ಮುಂದೆ ಹಾರ್ನು ಹೊಡೆದು ಧೂಳೆಬ್ಬಿಸಿ ಹೋಗಬೇಕು, ಇಷ್ಟೇ ಅವನ ಆಸೆ.

ಮೊದಲು ಕೊಡುವ ದುಡ್ಡಿಗೆ ಅಪ್ಪನ ಹೊಲದ ಹತ್ತಿ ಇತ್ತು. ಉಳಿದದ್ದಕ್ಕೆ ಆಸ್ತಿವಂತನೊಬ್ಬನ ಜಾಮೀನು ಬೇಕೆಂದು ಕಂಪನಿ ಕೇಳಿತು. ಅಮರಗುಂಡಪ್ಪ ಮಾವನ ಹೆಸರು ಬರೆಸಿ ಬಂದ. ಮಾವನಿಗೆ ಹೇಳಿರಲಿಲ್ಲ. ಮುಂಚೆಯೇ ಹೇಳಿದರೆ, ಅಂಗಡಿಗೆ ಪುಡಿಗಾಸಿನ ಪಗಾರಕ್ಕೆ ದುಡಿಯುವ ಆಳು ತಪ್ಪುತ್ತಾನೆಂದು ಮಾವ ಕೆಲಸ ಕೆಡಿಸುವುದು ಖಂಡಿತ. ತಪಾಸಣೆ ಮುಗಿದು ಮೋಟಾರು ಬಂದಂತೆಯೇ ಆದಾಗ ಕಾಲು ಹಿಡಿದರಾಯಿತು ಎಂದು ಅವನ ಲೆಕ್ಕ. ತಪಾಸಣೆಯವರು ಬಂದಾಗ ತಾನಾಗಿ ಎದುರಿಗೆ ಬರಬಾರದೆಂದು ಕಂಪನಿಯವರು ಬೇರೆ ತಾಕೀತು ಮಾಡಿದ್ದರು.

ಕರಿಬಸಯ್ಯ ಊರ ಹುಡುಗನನ್ನು ಬಿಟ್ಟುಕೊಡುವ ಪೈಕಿ ಅಲ್ಲ. ಹುಡುಗನ ಕೈ ಭಾರಿ ಧಾರಾಳ, ಯಾರು ಕೈಯೊಡ್ಡಿದರೂ ಇಲ್ಲ ಅನ್ನುವವನಲ್ಲ, ಕೊಟ್ಟದ್ದನ್ನು ತಿರುಗಿ ಕೇಳುವವನೂ ಅಲ್ಲ ಎಂದು ಹೊಗಳಿದ. ಮೈಲಾರಲಿಂಗಪ್ಪನವರ ಹುಬ್ಬು ಮೇಲೇರಿತು. ಎದುರು ಮನೆಯ ಮುದುಕಿ ಜಂಬಮ್ಮ ಇನ್ನೂ ಒಂದು ಹೆಜ್ಜೆ ಮುಂದೆ ಹೋದಳು. ಹುಡುಗ ಮನೆ ಬಿಟ್ಟರೆ ಅಂಗಡಿ, ಅಂಗಡಿ ಬಿಟ್ಟರೆ ಮನೆ; ಊರೂರು ತಿರುಗುವ ಚಟವೇ ಇಲ್ಲ; ಬಸ್ಸು ಹತ್ತಿದರೂ ವಾಂತಿ ಮಾಡಿಕೊಳ್ಳುವಷ್ಟು ಮನೆವಾಳ್ತೆಯ ಜೀವ ಎಂದು ಆಣೆ ಮಾಡಿ ಹೇಳಿದಳು. ಬಾಡಿಗೆ ಮೋಟಾರು ಓಡಿಸಲು ಹೊರಟವನ ಬಗ್ಗೆ ಇಂಥ ಶಿಫಾರಸನ್ನು ಆ ಹಿರಿಯರು ತಮ್ಮ ಸೇವೆಯಲ್ಲೇ ಕೇಳಿರಲಿಲ್ಲ.

ಊಟದ ಹೊತ್ತಿಗೆ ಸುದ್ದಿ ಓಣಿಯೆಲ್ಲ ಹಬ್ಬಿತು. ಅಮರಗುಂಡಪ್ಪನ ತಾಯಿ ಕಸ್ತೂರೆಮ್ಮ ಬಾಗಿಲಿಗೆ ನೀರು ಹಾಕಿಸಿ ಹೋಳಿಗೆಗೆ ಬೇಳೆ ಇಟ್ಟಳು. ಅಂಗಡಿಗೆ ಎಣ್ಣೆಗೆಂದು ಬಂದ ಹೆಂಗಸರು ಎಣ್ಣೆ ಮರೆತು, ಹುಡುಗಿ ಯಾವೂರು, ಬೆಳ್ಳಗಿದ್ದಾಳೋ ಇಲ್ಲವೋ ಎಂದು ಕೇಳಲು ನಿಂತರು. ಯಾವ ಹುಡುಗಿ ಎಂದು ಅಮರಗುಂಡಪ್ಪ ಬಾಯಿ ಬಿಡುತ್ತಿರುವಾಗ ದುಡ್ಡಿನ ಗಲ್ಲೆಯ ಹಿಂದೆ ಕೂತಿದ್ದ ಬಸವಂತರಾಯನ ಮುಖ ಕಪ್ಪಿಟ್ಟಿತು. ಮಾತಿಲ್ಲದೆ ರುಮಾಲು ಸುತ್ತಿಕೊಂಡು ಹೊರಬಿದ್ದ.

ಕಪ್ಪಿಡಲು ಕಾರಣವಿತ್ತು. ಬಸವಂತರಾಯನಿಗೆ ಒಬ್ಬಳೇ ಮಗಳು, ಶೇಖರಮ್ಮ. ಅಕ್ಕನ ಮಗ ಇರುವಾಗ ಮಗಳಿಗೆ ಹೊರಗಿನ ವರ ನೋಡುವ ಮಾತು ಆ ಸೀಮೆಯಲ್ಲಿ ಎಲ್ಲಿದೆ? ಅವಳು ತೊಟ್ಟಿಲಲ್ಲಿದ್ದಾಗಲೇ ಅವನು ನಿಶ್ಚಯ ಮಾಡಿಬಿಟ್ಟಿದ್ದ. ಅಳಿಯನಾಗಬೇಕಾದವನು ಮಾತ್ರ ಈ ವರ್ಷ ಬೇಡ, ಮುಂದಿನ ವರ್ಷ ನೋಡೋಣ ಎಂದು ಜಾರುತ್ತ ಬಂದಿದ್ದ. ಶೇಖರಮ್ಮ ಚೆನ್ನಾಗಿಯೇ ಇದ್ದಳು. ಆದರೆ ಅವಳನ್ನು ಕಟ್ಟಿಕೊಂಡರೆ ಆ ಅಂಗಡಿಯನ್ನೂ ಕಟ್ಟಿಕೊಂಡಂತೆ ಎಂದು ಅವನಿಗೆ ಹೆದರಿಕೆ.

ಸ್ವಲ್ಪ ಹೊತ್ತಿಗೆ ಜಂಬಮ್ಮ ಏದುಸಿರು ಬಿಡುತ್ತ ಅಂಗಡಿಗೆ ಬಂದಳು. ಕರೀ ಕೋಟಿನವರು ಹೊಲ, ಸಾಲ ಎಂದೆಲ್ಲ ವಿಚಾರಿಸಿದ್ದನ್ನು ಹೇಳಿ, "ನಿಮ್ಮ ಮಾವ ಆ ಹಿರೇರನ್ನ ಮಠದ ಕಟ್ಟಿಗೆ ಕರಕೊಂಡು ಹೋಗ್ಯಾನ. ಅಂವ ನಿನ್ನ ಲಗ್ನಾ ಮುರೀತಾನ ನೋಡಲೇ ತಮ್ಮಾ" ಎಂದಳು.

ಬಂದವರು ಮೋಟಾರಿನ ಕಂಪನಿಯವರೆಂದು ಅಮರಗುಂಡಪ್ಪನಿಗೆ ಈಗ ಹೊಳೆಯಿತು. ತಕ್ಕಡಿಯನ್ನು ಇದ್ದಲ್ಲೇ ಬಿಟ್ಟು ಓಡಿದ.

ಮಠದ ಕಟ್ಟೆಯ ಮೇಲೆ ಬಸವಂತರಾಯ ದನಿ ತಗ್ಗಿಸಿ, ಸತ್ತವರ ಮನೆಯಲ್ಲಿ ಮಾತಾಡುವಂತೆ ಮಾತಾಡುತ್ತಿದ್ದ. "ನಾ ಅವನ ಸೋದರಮಾವ, ನಾನ ಹೇಳಬಾರದ್ರಿ. ಆದ್ರ ನಿಮ್ಮಂಥವರಿಗೆ ಮೋಸ ಆಗಬಾರದು. ಇಸ್ಪೀಟಿನ್ಯಾಗ ಅಪ್ಪನ ಹೊಲಾ ಹೋಗಾಕತ್ತೈತಿ. ಹೊತ್ತು ಮುಳುಗಿದ್ರ ಕಣ್ಣು ಕಾಣಂಗಿಲ್ಲ. ಅಮಾಸಿ ಬಂತಂದ್ರ ಮೂರ್ಛಿ ಬರತಾವ." ಮೈಲಾರಲಿಂಗಪ್ಪ ಛತ್ರಿಯನ್ನು ಎದೆಗೊತ್ತಿಕೊಂಡು ಕೂತಿದ್ದರು. ಕಣ್ಣು ಕಾಣದ, ಮೂರ್ಛೆ ಬೀಳುವ ಮನುಷ್ಯನ ಕೈಗೆ ಕಂಪನಿಯ ಹೊಸ ಮೋಟಾರು ಕೊಡುವುದನ್ನು ನೆನೆದೇ ಅವರಿಗೆ ಬೆವರು ಬಂದಿತ್ತು.

ಅಮರಗುಂಡಪ್ಪ ಕಟ್ಟೆಯ ಮುಂದೆ ಕುಸಿದು ಕೂತ. ತಾಕೀತು, ಗುಟ್ಟು ಎಲ್ಲ ಮಣ್ಣುಪಾಲಾಯಿತು. "ಮಾವ, ಇವ್ರು ಹೆಣ್ಣಿನ ಕಡಿಯವ್ರಲ್ಲ. ಮೋಟಾರಿನ ಕಂಪನಿಯವ್ರು. ಜಾಮೀನಿಗೆ ನಿಮ್ಮ ಹೆಸರ ಕೊಟ್ಟೀನಿ" ಎಂದ.

ಅಂಗಡಿಯ ಹುಡುಗನಿಗೆ ಮೋಟಾರೆಂಬುದು ಬಸವಂತರಾಯನಿಗೆ ಒಂದು ಆಘಾತ, ಅದಕ್ಕೆ ತಾನೇ ಜಾಮೀನೆಂಬುದು ಇನ್ನೊಂದು. ಅಷ್ಟರಲ್ಲಿ ಕರಿಬಸಯ್ಯ, ಜಂಬಮ್ಮ, ಅರ್ಧ ಓಣಿ ಅಲ್ಲಿ ನೆರೆದಿತ್ತು. ತಾವು ಹೊಗಳಿದ್ದು ಯಾರ ಮುಂದೆ ಎಂದು ತಿಳಿದು ಅವರೂ ಹಣೆ ಬಡಿದುಕೊಂಡರು. ಬಸ್ಸಿನಲ್ಲಿ ವಾಂತಿ ಮಾಡಿಕೊಳ್ಳುವುದು ಹುಡುಗನಲ್ಲ, ತನ್ನ ಸ್ವಂತ ಮಗ ಎಂದು ಜಂಬಮ್ಮ ಅಲ್ಲೇ ತಿದ್ದಿದಳು.

ಮೈಲಾರಲಿಂಗಪ್ಪ ಬಸವಂತರಾಯನ ಕಡೆ ತಿರುಗಿ, ಹಾಗಾದರೆ ತಾವು ಹೇಳಿದ ರೋಗಗಳ ಗತಿ ಏನು ಎಂದು ಕೇಳಿದರು. ಅವನು ತಲೆ ತಗ್ಗಿಸಿ, ಹುಡುಗ ಅಪ್ಪಟ ಬಂಗಾರ, ಬೇರೆಯವರು ಎಗರಿಸಿಕೊಂಡು ಹೋಗಬಾರದೆಂದು ಮಸಿ ಬಳಿದೆ ಎಂದು ಒಪ್ಪಿಕೊಂಡ. ಹಿರಿಯರ ಮುಖ ಸಡಿಲವಾಯಿತು. ತಮ್ಮ ಮನೆಯಲ್ಲೂ ಹೀಗೇ ನಡೆದಿತ್ತೆಂದು ನಕ್ಕರು. ಹಾಗಿದ್ದರೆ ಸೋದರಮಾವ ಜಾಮೀನು ನಿಲ್ಲಲಿ, ಮೋಟಾರು ವಾರದೊಳಗೆ ಬರುತ್ತದೆ ಎಂದರು.

ಅಮರಗುಂಡಪ್ಪನ ಕಣ್ಣಲ್ಲಿ ನೀರು ಬಂತು. ಆದರೆ ಬಸವಂತರಾಯ ಮೂವತ್ತು ವರ್ಷ ವ್ಯಾಪಾರ ಮಾಡಿದವನು, ಗಿರಾಕಿ ಮೆತ್ತಗಾದದ್ದು ಅವನಿಗೆ ತಿಳಿಯದೆ ಹೋದೀತೇ! "ಜಾಮೀನು ನಿಲ್ಲತೀನಿ. ಆದ್ರ ಈಗಿಂದೀಗ ಈ ಕಟ್ಟಿ ಮ್ಯಾಲ ನನ್ನ ಮಗಳ ಸಲುವಾಗಿ ಸಕ್ಕರಿ ತಿನ್ನಬೇಕು" ಎಂದ.

ಹತ್ತು ಜನರೆದುರು ಸಕ್ಕರೆ ತಿಂದರೆ ಲಗ್ನ ನಿಶ್ಚಯವಾದಂತೆ. ಆಮೇಲೆ ಹಿಂದೆ ಸರಿದವನ ಮನೆಗೆ ಯಾರೂ ಹೆಣ್ಣು ಕೊಡುವುದಿಲ್ಲ. ಅಮರಗುಂಡಪ್ಪ ಯೋಚಿಸಿದ. ಮೋಟಾರು ಬಂದರೆ ತಾನು ಹಗಲೆಲ್ಲ ರಸ್ತೆಯ ಮೇಲೆ. ಅಂಗಡಿ ಯಾರಿಗೆ ಬೇಕು? ಇನ್ನು ಶೇಖರಮ್ಮನಿಗೆ ಹೇಳಿ ಕಳಿಸಿದಾಗ ಅವಳು ಒಲ್ಲೆ ಎನ್ನಲಿಲ್ಲ, ಮೋಟಾರಿನ ಬಣ್ಣ ಯಾವುದು ಎಂದು ಕೇಳಿ ಕಳಿಸಿದಳು. ಅವನು ಹೂಂ ಅಂದ. ಕರಿಬಸಯ್ಯ ಹೋಟೆಲಿನ ಡಬ್ಬಿಯನ್ನೇ ಹೊತ್ತು ತಂದ. ಸುದ್ದಿ ಕೇಳಿ ಬಂದ ಕಸ್ತೂರೆಮ್ಮ ತಮ್ಮನ ಬಾಯಿಗೆ, ಬಸವಂತರಾಯ ಅಳಿಯನ ಬಾಯಿಗೆ ಸಕ್ಕರೆ ಹಾಕಿದರು. ಮೈಲಾರಲಿಂಗಪ್ಪ ಕೂಡ ಸಂತೋಷದಿಂದ ಒಂದು ಹಿಡಿ ತಿಂದು, ಕೈ ಝಾಡಿಸಿಕೊಂಡು ಬಸ್ಸಿಗೆ ಹೊರಟರು.

ಜಾಮೀನಿಗೆ ಎಲ್ಲಿ ಸಹಿ ಹಾಕಬೇಕೆಂದು ಅಮರಗುಂಡಪ್ಪ ಹಿಂದೆಯೇ ಓಡಿದ.

"ಇನ್ನ ಅದು ನಡಿಯಂಗಿಲ್ಲಪಾ" ಎಂದರು ಅವರು. "ಸೋದರಮಾವ ಅಂದ್ರ ಬ್ಯಾರೆ ಮನಿ. ಅವರಿಗೆ ಒಬ್ಬಾಕಿನ ಮಗಳು, ಆಕಿನ್ನ ಕೊಟ್ಟಮ್ಯಾಲ ಅವರ ಆಸ್ತಿ ನಿಂದ ಆತು. ನಿನಗ ನೀನ ಜಾಮೀನು ನಿಂತಂಗ. ನಮ್ಮ ಕಂಪನಿ ಒಪ್ಪಂಗಿಲ್ಲ."

ಇದನ್ನು ಸಕ್ಕರೆಗೆ ಮೊದಲೇ ಹೇಳಬಾರದಿತ್ತೇ ಎಂದು ಅಮರಗುಂಡಪ್ಪ ಅತ್ತ.

ಶುಭಕಾರ್ಯದ ನಡುವೆ ಅಪಶಕುನದ ಮಾತಾಡುವ ಮನೆತನ ತಮ್ಮದಲ್ಲ ಎಂದರು ಹಿರಿಯರು, ತುಸು ನೊಂದುಕೊಂಡೇ. ಹೊರಗಿನವರು ಬೇರೆ ಯಾರಾದರೂ ಜಾಮೀನು ನಿಂತರೆ ಈಗಲೂ ಅಡ್ಡಿಯಿಲ್ಲ ಎಂದೂ ಹೇಳಿದರು. ಅಮರಗುಂಡಪ್ಪ ತಿರುಗಿ ನೋಡಿದ. ಕರಿಬಸಯ್ಯನಿಗೆ ಒಲೆಯ ಮೇಲಿಟ್ಟ ಹಾಲು ನೆನಪಾಗಿತ್ತು, ಉಳಿದವರಿಗೆ ದನ ಕಟ್ಟುವುದು. ಕಟ್ಟೆಯ ಮೇಲೆ ನೊಣ ಬಿಟ್ಟರೆ ಯಾರೂ ಇರಲಿಲ್ಲ. ಬಸ್ಸು ಬಂದು ಹಿರಿಯರನ್ನು ಹತ್ತಿಸಿಕೊಂಡು, ಧೂಳೆಬ್ಬಿಸಿ ಹೋಯಿತು.

ಭುಜದ ಮೇಲೆ ಯಾರೋ ಕೈಯಿಟ್ಟರು. ಬಸವಂತರಾಯ. ಈಗ ಅವನ ಮುಖ ಹುಣ್ಣಿಮೆಯಂತಿತ್ತು.

"ಹೋದ್ರ ಹೋಗಲಿ ಬಿಡು ಅಳಿಯಾ. ನಾಳಿಂದ ಅಂಗಡಿಗೆ ಲಗೂ ಬಾ" ಎಂದು ಒಮ್ಮೆ ಕೆಮ್ಮಿದ. "ಮತ್ತ ಇನ್ನ ಮ್ಯಾಲ ಪಗಾರ ಕೊಡಂಗಿಲ್ಲಪಾ. ಮಗಳ ಗಂಡಗ ಪಗಾರ ಕೊಟ್ರ ಮಂದಿ ಏನಂದಾರು?"