ಕೆಂಚವೀರಪ್ಪನ ಲಾರಿ ಪಾಸಾಯಿತು

ಕೆಂಚವೀರಪ್ಪ ಸಾರಥಿ ಎಂಬ ಹಳ್ಳಿಗೆ ಹೋದದ್ದು ಎತ್ತುಗಳಿಗೆ ಒಂದು ಹೊರೆ ಹುಲ್ಲು ಕೇಳುವುದಕ್ಕೆ. ಅಲ್ಲಿಯ ರೈತ ಮಾರಪ್ಪನ ಕೊಟ್ಟಿಗೆಯಲ್ಲಿ ಹುಲ್ಲು ಸಿಕ್ಕಿತು, ಆದರೆ ಹುಲ್ಲಿನ ಹಿಂದೆ ಎರಡು ಕಣ್ಣೂ ಕಂಡವು. ಗಾಜಿನ ಕಣ್ಣು, ಒಂದೊಂದೂ ಊಟದ ತಟ್ಟೆಯಷ್ಟು. ಹುಲ್ಲು ಸರಿಸಿದರೆ ಒಂದು ಸಣ್ಣ ಲಾರಿ. ಮುಂದೆ ಇಬ್ಬರು ಕೂರುವಷ್ಟು ಗೂಡು, ಹಿಂದೆ ಸಾಮಾನು ಹೇರುವ ತೊಟ್ಟಿ. ಮಾರಪ್ಪನ ಅಪ್ಪ ಮೂವತ್ತೊಂದನೇ ಇಸವಿಯಲ್ಲಿ ಯಾವನೋ ದೊರೆಯಿಂದ ಕೊಂಡದ್ದಂತೆ. ಅದು ಓಡುವುದನ್ನು ಬಿಟ್ಟು ಹದಿನೆಂಟು ವರ್ಷವಾಗಿತ್ತು. ಎಂಜಿನ್ನಿನ ಜಾಗದಲ್ಲಿ ಕೋಳಿಗಳು ಮೊಟ್ಟೆ ಇಡುತ್ತಿದ್ದವು.

ಕೆಂಚವೀರಪ್ಪ ನೋಡಿದ. ಅದೂ ಅವನನ್ನು ನೋಡಿತು. ಸಂಜೆ ಅವನು ದಾವಣಗೆರೆಗೆ ಹಿಂದಿರುಗುವಾಗ ಅವನ ಜೋಡೆತ್ತಿನ ಗಾಡಿಯೇ ಲಾರಿಯನ್ನು ಎಳೆದು ತಂದಿತು. ವಿನೋಬನಗರದ ಮನೆಯ ಮುಂದೆ ಅದನ್ನು ಬಿಟ್ಟು, ಎತ್ತುಗಳಾದ ಕೆಂದ ಮತ್ತು ಮೈಲಾರಿ, ಗಾಡಿಯ ಸಮೇತ ಮಾರಪ್ಪನ ಹಿಂದೆ ಸಾರಥಿಗೆ ಹೊರಟುಹೋದವು. ಅದೇ ಅದಲು ಬದಲಿನ ಕರಾರು.

ಹೆಂಡತಿ ದುರುಗಮ್ಮ ಲಾರಿಯನ್ನು ಸುತ್ತು ಹಾಕಿ ನೋಡಿದಳು.

"ಏನ್ರಿ, ನಡಿಯೋ ಎತ್ತು ಕೊಟ್ಟು ನಡೀದಿರೋ ಲಾರಿ ತಂದ್ರಾ?"

"ನಡಿತೈತೆ. ಒಳಗ ಒಂದು ಎಂಜಿನ್ ಇಲ್ಲ, ಅಷ್ಟ."

ಕೆಂಚವೀರಪ್ಪನದು ಮಂಡಕ್ಕಿ ಭಟ್ಟಿ. ದಿನಾ ಬೆಳಿಗ್ಗೆ ನಾಲ್ಕು ಮೂಟೆ ಮಂಡಕ್ಕಿ ಹರಿಹರದ ಅಂಗಡಿಯೊಂದಕ್ಕೆ ಹೋಗಬೇಕು. ಎತ್ತಿನ ಗಾಡಿ ಒಂಬತ್ತು ಮೈಲಿ ತೆವಳಿ ಮುಟ್ಟುವಷ್ಟರಲ್ಲಿ ಬಿಸಿಲೇರಿರುತ್ತಿತ್ತು. ಅಂಗಡಿಯವನು ಖಡಾಖಂಡಿತವಾಗಿ ಹೇಳಿದ್ದ: "ಇನ್ನೆರಡು ತಿಂಗಳು ನೋಡ್ತೀನಿ. ಆಮ್ಯಾಲೆ ಹತ್ತು ಗಂಟಿಯೊಳಗ ಮಾಲು ಬರಬೇಕು. ಇಲ್ಲಾಂದ್ರ ಬ್ಯಾರೆ ಭಟ್ಟಿ ನೋಡ್ಕೊಂತೀನಿ." ಕೆಂಚವೀರಪ್ಪನಿಗೆ ಇದ್ದದ್ದು ಆ ಒಂದೇ ಗಿರಾಕಿ. ಲಾರಿ ಓಡಿದರೆ ಭಟ್ಟಿ ಉರಿಯುತ್ತದೆ, ಇಲ್ಲದಿದ್ದರೆ ಆರುತ್ತದೆ.

ಮೆಕ್ಯಾನಿಕ್ ಮಕ್ತುಮ್ ಸಾಬ್ ಬಂದು ಲಾರಿಯ ಬಾಯಿಗೆ ಕಿವಿಯಿಟ್ಟು ಕೇಳಿದ. ಒಳಗೆ ಏನೂ ಇಲ್ಲದಿದ್ದರೂ ಕೇಳಿದ. ಅದು ಅವನ ಪದ್ಧತಿ.

"ಅರೆ ಕೆಂಚಣ್ಣ, ಮೈ ಗಟ್ಟಿ ಐತೆ, ಜೀವ ಇಲ್ಲ. ಭದ್ರಾ ಕಾಲುವ್ಯಾಗ ಬಿದ್ದಿದ್ದ ಕಂತ್ರಾಟುದಾರರ ಜೀಪು ನನ್ನ ಶೆಡ್ಡಿನಾಗ ಐತಲ್ಲ, ಅದರ ಮೈ ಹೋಗೈತೆ, ಜೀವ ಐತೆ. ಇದಕ್ಕ ಅದನ್ನ ಹಾಕಾಣ. ಬೇಫಿಕರ್ ಇರ್ರಿ."

ಮುಂದಿನ ಎರಡು ತಿಂಗಳು ಮಂಡಕ್ಕಿ ಬಾಡಿಗೆ ಗಾಡಿಯಲ್ಲಿ ಹೋಯಿತು, ವಿನೋಬನಗರಕ್ಕೆ ಬೇರೆ ಕೆಲಸವೇ ಇರಲಿಲ್ಲ. ಹೊಸ ಜೀಪಿನ ಎಂಜಿನ್ನು ಹಳೆಯ ಲಾರಿಯ ಹೊಟ್ಟೆಯಲ್ಲಿ ಕೂರುತ್ತದೋ ಇಲ್ಲವೋ ಎಂದು ನೋಡುವುದಕ್ಕೆ ಜನ ಊಟದ ತಟ್ಟೆ ಹಿಡಿದುಕೊಂಡೇ ಬರುತ್ತಿದ್ದರು. ಎಂಜಿನ್ನು ನಾಲ್ಕು ಬೆರಳು ಉದ್ದವಾಯಿತು. ಮಕ್ತುಮ್ ಸಾಬ್ ಲಾರಿಯ ಎದೆ ಕೊಯ್ದು ಕೂರಿಸಿದ. ಗೇರುಬಾಕ್ಸು, ಗಾಲಿ, ಬ್ರೇಕು ಎಲ್ಲ ಜೀಪಿನವೇ ಬಂದವು. ಆಮೇಲೆ ಕೊರತೆಗಳ ಸರದಿ ಶುರುವಾಯಿತು. ತೊಟ್ಟಿಯ ತಳ ಗೆದ್ದಲು ತಿಂದಿತ್ತು. ಹತ್ತಿ ಮಿಲ್ಲಿನಲ್ಲಿ ಆಳುಗಳ ಮೇಲಿನ ಜಾಬರ್ ಆಗಿ ನಿವೃತ್ತನಾದ, ತಿಳಿಯದ ವಿಷಯವೇ ಇಲ್ಲದ ಉಚ್ಚೆಂಗಪ್ಪ ತನ್ನ ಮಂಚದ ಹಲಗೆ ಕೊಟ್ಟ. ಮಳೆಗೆ ಮಂಡಕ್ಕಿ ನೆನೆಯಬಾರದೆಂದು ಎದುರು ಮನೆಯ ಕರಿಯವ್ವ ತನ್ನ ಬಚ್ಚಲ ಮೇಲಿನ ತಗಡು ಕೊಟ್ಟಳು. ಹಲಗೆಯ ಮೊಳೆಗೆ ಮೂಟೆ ಹರಿಯಬಾರದೆಂದು ಕೌದಿ ಹೊಲಿಯುವ ಸುಗ್ರಾಬಿ ಒಂದು ದಪ್ಪನೆಯ ಕೌದಿ ಹೊಲಿದು ಹಾಸಿದಳು. ಸೈಕಲ್ ಶಾಪಿನ ಬೋರಣ್ಣ ರಬ್ಬರ್ ಬುರುಡೆಯ ಹಾರ್ನು ಕೊಟ್ಟ. ಕೊನೆಗೆ ರೇಡಿಯೇಟರ್ ಸೋರತೊಡಗಿದಾಗ ದುರುಗಮ್ಮನ ತವರಿನ ತಾಮ್ರದ ತಂಬಿಗೆಯನ್ನೇ ಒಡೆದು ತೇಪೆ ಹಾಕಿದ್ದಾಯಿತು. ಅವಳು ಎರಡು ದಿನ ಮಾತು ಬಿಟ್ಟಳು.

ಹಾರ್ನಿಗೆ ಬೇರೆಲ್ಲೂ ಜಾಗ ಸಾಲದೆ ಮಕ್ತುಮ್ ಸಾಬ್ ಬುರುಡೆಯನ್ನು ಬ್ರೇಕಿನ ಪೆಡಲಿನ ಅಡಿಗೆ ಕಟ್ಟಿದ. ಬ್ರೇಕು ತುಳಿದರೆ "ಪೋಂ" ಎನ್ನುತ್ತಿತ್ತು.

"ಇದು ಸರಿಯೇನ್ ಸಾಬ್ರೇ?" ಎಂದು ಕೆಂಚವೀರಪ್ಪ ಕೇಳಿದ.

"ಮತ್ತೇನು? ನಿಲ್ಲೋ ಮುಂದ ಹೇಳಿ ನಿಲ್ಲತೈತೆ. ಮರ್ಯಾದಸ್ಥ ಗಾಡಿ."

ಇನ್ನು ಉಳಿದದ್ದು ಪಾಸಿಂಗ್. ತಿಂಗಳಿಗೊಮ್ಮೆ ಚಿತ್ರದುರ್ಗದಿಂದ ಬ್ರೇಕ್ ಇನ್ಸ್‌ಪೆಕ್ಟರು ಹರಿಹರದ ಪ್ರವಾಸಿ ಬಂಗಲೆಗೆ ಬಂದು, ಅಂಗಳದಲ್ಲಿ ಮೇಜು ಹಾಕಿಸಿಕೊಂಡು ಗಾಡಿಗಳನ್ನು ನೋಡಿ ಸಹಿ ಹಾಕುತ್ತಿದ್ದರು. ಆ ಸಹಿ ಇಲ್ಲದೆ ಲಾರಿ ರಸ್ತೆಗಿಳಿಯುವಂತಿರಲಿಲ್ಲ.

ಪಾಸಿಂಗಿನ ದಿನವೇ ಅಂಗಡಿಯವನ ಗಡುವಿನ ಮೊದಲ ದಿನ. ಬೆಳಿಗ್ಗೆ ಕೆಂಚವೀರಪ್ಪ ಸ್ನಾನ ಮಾಡಿ, ವಿಭೂತಿ ಹಚ್ಚಿ, ನಾಲ್ಕು ಮೂಟೆ ಮಂಡಕ್ಕಿ ಹೇರಿ, ಮುಂದಿನ ಗೂಡಿನಲ್ಲಿ ಮಕ್ತುಮ್ ಸಾಬ್ ಪಕ್ಕ ಕೂರಲು ಹೋದ. ಲೈಸೆನ್ಸು ಇದ್ದದ್ದು ಸಾಬನಿಗೆ ಮಾತ್ರ. ಆದರೆ ಅಲ್ಲಿ ಆಗಲೇ ಉಚ್ಚೆಂಗಪ್ಪ ಕೂತಿದ್ದ.

"ನೀವು ಎಲ್ಲಿಗೆ ಹೊಂಟ್ರಿ ಉಚ್ಚೆಂಗಪ್ಪಣ್ಣ?"

"ಪಾಸಿಂಗಿಗೆ. ಹಲಗಿ ನಂದಲ್ಲೇನಪ್ಪ? ಅದು ಭಾರ ತಡಿತೈತೋ ಇಲ್ಲೋ ನಾ ನೋಡಬ್ಯಾಡವಾ?"

ಹಿಂದೆ ಬಂದು ನೋಡಿದರೆ ಕರಿಯವ್ವ ಮೂಟೆಯ ಮೇಲೆ ಹತ್ತಿ ಕೂತಿದ್ದಳು. ತಗಡು ಗಾಳಿಗೆ ಹಾರುತ್ತದೋ ಎಂದು ನೋಡಬೇಕಂತೆ, ಹಾಗೆಯೇ ಹೊಳೆಯಲ್ಲಿ ಒಂದು ಮುಳುಗು ಹಾಕಬೇಕಂತೆ. ಸುಗ್ರಾಬಿಗೆ ಹರಿಹರದಲ್ಲಿ ಮಗಳ ಮನೆಯಿತ್ತು. ಬೋರಣ್ಣ ಹಾರ್ನಿನ ಸಲುವಾಗಿ ಅಂಗಡಿಗೇ ಬಾಗಿಲು ಹಾಕಿ ಬಂದಿದ್ದ. ಕೆಂಚವೀರಪ್ಪ ಸಹಾಯಕ್ಕಾಗಿ ಮನೆಯತ್ತ ತಿರುಗಿದ. ದುರುಗಮ್ಮ ಇಳಕಲ್ ಸೀರೆ ಉಟ್ಟು ಹೊರಗೆ ಬರುತ್ತಿದ್ದಳು.

"ನೀನೂ?"

"ನನ್ನ ತಂಬಿಗಿ ಹೋಗತೈತೆ, ನಾ ಹೋಗಬಾರದಾ?"

"ಆತು. ಮತ್ತ ನಾ ಎಲ್ಲಿ ಕೂಡ್ರಲಿ?"

ಉಚ್ಚೆಂಗಪ್ಪ ಗೂಡಿನಿಂದ ತಲೆ ಹೊರಹಾಕಿ, ನಿಜವಾದ ಕುತೂಹಲದಿಂದಲೇ ಕೇಳಿದ: "ಅಲ್ಲಪ್ಪ ಕೆಂಚ, ಇದ್ರಾಗ ನಿಂದು ಅಂತ ಏನೈತೆ?"

ಕೆಂಚವೀರಪ್ಪ ಯೋಚಿಸಿದ. ಮೈ ಮಾರಪ್ಪನದು, ಜೀವ ಜೀಪಿನದು, ಉಳಿದದ್ದೆಲ್ಲ ಓಣಿಯದು. ಅವನದಾಗಿದ್ದದ್ದು ಎರಡು ಎತ್ತು, ಅವು ಸಾರಥಿಯಲ್ಲಿದ್ದವು. ಹಿಂದಿನ ಕಂಬಿ ಹಿಡಿದು, ತೊಟ್ಟಿಯ ಅಂಚಿನಲ್ಲಿ ಒಂದು ಕಾಲಿಟ್ಟು ಜೋತುಬಿದ್ದ.

ಲಾರಿ ಓಡಿತು. ಇದು ಎಲ್ಲರಿಗೂ ಆಶ್ಚರ್ಯ, ಎಲ್ಲರಿಗಿಂತ ಹೆಚ್ಚಾಗಿ ಮಕ್ತುಮ್ ಸಾಬನಿಗೆ. ದಾರಿಯುದ್ದಕ್ಕೂ ಜನ ಹೊಲದಲ್ಲಿ ಕೆಲಸ ಬಿಟ್ಟು ನೋಡಿದರು. ಅಜ್ಜನ ಮುಖ, ಮೊಮ್ಮಗನ ಓಟ. ರೈಲ್ವೆ ಗೇಟಿನಲ್ಲಿ "ಪೋಂ" ಎಂದು ನಿಂತಾಗ ಗೇಟಿನವನು ಹಸಿರು ಬಾವುಟ ಬಗಲಲ್ಲಿಟ್ಟುಕೊಂಡು ಬಂದು ಅಡಿಗೆ ಬಗ್ಗಿ ನೋಡಿದ. ನಡುವೆ ಎರಡು ಸಲ ರೇಡಿಯೇಟರ್ ಕುದಿಯಿತು. ಎರಡು ಸಲವೂ ಕಂಬಿಯಲ್ಲಿ ಜೋತಾಡುತ್ತಿದ್ದವನೇ ಇಳಿದು, ಕೊಡ ಹಿಡಿದು, ದೂರದ ಬಾವಿಯಿಂದ ನೀರು ತಂದ. ಒಳಗಿದ್ದವರು ಮೂಟೆಗೆ ಒರಗಿಕೊಂಡು ತಂಬಿಗೆಯ ತೇಪೆಯನ್ನು ಹೊಗಳುತ್ತಿದ್ದರು.

ಪ್ರವಾಸಿ ಬಂಗಲೆಯ ಅಂಗಳಕ್ಕೆ ಲಾರಿ "ಪೋಂ" ಎಂದು ಬಂದು ನಿಂತಿತು. ಇನ್ಸ್‌ಪೆಕ್ಟರು ಎದ್ದು ನಿಂತರು. ಅವರು ಗಾಡಿಗೆ ಎದ್ದು ನಿಂತದ್ದನ್ನು ಅವರ ಜವಾನ ಹಿಂದೆಂದೂ ನೋಡಿರಲಿಲ್ಲ.

ಕಂಬಿ ಬಿಟ್ಟು ಇಳಿದ ಕೆಂಚವೀರಪ್ಪ ಓಡಿಹೋಗಿ ಕೈಮುಗಿದು ಅವರ ಪಕ್ಕ ನಿಂತ.

"ಇದೇನ್ರೀ ಇದು?"

"ಲಾರಿ, ಸ್ವಾಮಿ."

"ಯಾವ ಕಾಲದ್ದು?"

"ಹೊರಗ ಮೂವತ್ತೊಂದು, ಒಳಗ ಅರವತ್ತೆರಡು, ಸ್ವಾಮಿ."

ಇನ್ಸ್‌ಪೆಕ್ಟರು ಕನ್ನಡಕ ಒರೆಸಿಕೊಂಡು ಲಾರಿಯ ಸುತ್ತ ತಿರುಗಿದರು. ಮುಚ್ಚಳ ಎತ್ತಿಸಿದರು. "ಈ ಎಂಜಿನ್ ಇದರಲ್ಲಿ ಹೇಗ್ರೀ ಹಿಡಿಸಿದಿರಿ?" ಎಂದು ಮಕ್ತುಮ್ ಸಾಬನನ್ನು ಕೇಳಿದರು. ಕೋಟು ಬಿಚ್ಚಿ ಜವಾನನ ಕೈಗೆ ಕೊಟ್ಟು ಅಡಿಗೆ ತೂರಿದರು. ಒಳಗಿನಿಂದ ಒಂದೊಂದೇ ಪ್ರಶ್ನೆ ಬರುತ್ತಿತ್ತು. ತೇಪೆ ಏತರದ್ದು? ತಂಬಿಗೆಯೇ? ಶಭಾಷ್! ಆಮೇಲೆ ಬ್ರೇಕು ತುಳಿಸಿದರು. "ಪೋಂ" ಎಂದಿತು. ಇನ್ನೊಮ್ಮೆ ತುಳಿಸಿದರು. ಅವಶ್ಯಕತೆ ಇಲ್ಲದಿದ್ದರೂ ತಾವೇ ಹತ್ತಿ ಮೂರು ಸಲ ತುಳಿದರು. ಕೆಂಚವೀರಪ್ಪನ ಎದೆ ಹಗುರಾಯಿತು. ಇಷ್ಟು ಖುಷಿಯಾದ ಮನುಷ್ಯ ಸಹಿ ಹಾಕದೆ ಇರುವುದುಂಟೆ?

ಇನ್ಸ್‌ಪೆಕ್ಟರು ಮೇಜಿಗೆ ಬಂದು ಕೂತು, ಪೆನ್ನು ತೆಗೆದು, ಅರ್ಜಿ ಓದಿದರು. ಓದುತ್ತ ಓದುತ್ತ ಮುಖ ಬದಲಾಯಿತು.

"ಸರಕು ಸಾಗಣೆ ವಾಹನ ಅಂತ ಬರೆದಿದೀರಿ. ಒಳಗೆ ಜನ ಕೂತಿದಾರಲ್ರೀ?"

ಯಾರೂ ಇಳಿದಿರಲಿಲ್ಲ. ಇಳಿದರೆ ಜಾಗ ಹೋದೀತೆಂಬ ಭಯ.

"ಸರಕಿನ ಗಾಡಿಯಲ್ಲಿ ಜನ ತುಂಬೋದು ಅಪರಾಧ. ಗಾಡಿ ಜಪ್ತಿ ಮಾಡಿ ಕೇಸು ಬರೀಬೇಕಾಗುತ್ತೆ."

ಕೆಂಚವೀರಪ್ಪ ಬಾಯಿ ತೆರೆಯುವ ಮೊದಲೇ ಲಾರಿಯೊಳಗಿಂದ ಉಚ್ಚೆಂಗಪ್ಪನ ದನಿ ಬಂತು.

"ಸರಕಾ? ಯಾವ ಸರಕು ಸ್ವಾಮಿ? ಅರ್ಜಿ ಬರದಾವ ತಪ್ಪು ಬರದಾನ. ಇದು ಜನ ಕೂಡ್ರಾಕ ಮಾಡಿದ ಗಾಡಿ!"

"ಹೂಂ ಸ್ವಾಮಿ," ಎಂದಳು ಸುಗ್ರಾಬಿ. "ಕೌದಿ ನೋಡ್ರಿ. ನಾನ ಹೊಲದೀನಿ. ಸರಕಿಗೆ ಯಾರಾರ ಕೌದಿ ಹೊಲಿತಾರಾ?"

"ಮ್ಯಾಲೆ ನೆಳ್ಳು ನೋಡ್ರಿ," ಎಂದಳು ಕರಿಯವ್ವ. "ಮನಷರಿಗಲ್ದ ನೆಳ್ಳು ಯಾರಿಗೆ ಬೇಕು?"

"ಹಂಗಾದರೆ ಈ ಮೂಟೆ?"

ಎಲ್ಲರೂ ಉಚ್ಚೆಂಗಪ್ಪನ ಮುಖ ನೋಡಿದರು. ಗಂಡನನ್ನು ಉಳಿಸಲೇಬೇಕೆಂದು ದುರುಗಮ್ಮ ಧೈರ್ಯ ತಂದುಕೊಂಡಳು.

"ಒರಗಾಕ, ಸ್ವಾಮಿ. ಮೆತ್ತಗಿರ್ತಾವ."

ಇನ್ಸ್‌ಪೆಕ್ಟರಿಗೆ ಮತ್ತೆ ಕುತೂಹಲ ಕೆರಳಿತು. ಎದ್ದು ಬಂದು, ಬೋರಣ್ಣನನ್ನು ಸರಿಸಿ, ಕೌದಿಯ ಮೇಲೆ ಕೂತು ಮಂಡಕ್ಕಿ ಮೂಟೆಗೆ ಒರಗಿದರು. ಕಣ್ಣು ಮುಚ್ಚಿದರು. ಸರ್ಕಾರದ ಸೇವೆಯಲ್ಲಿ ಇಪ್ಪತ್ತು ವರ್ಷ ಬೆಂಚಿನ ಮೇಲೆ ಕೂತ ಬೆನ್ನು ಅದು.

"ಬಹಳ ಚೆನ್ನಾಗಿದೆ," ಎಂದು ಅವರು ಇಳಿದು ಬಂದರು. ಅರ್ಜಿಯಲ್ಲಿ ಒಂದು ಗೆರೆ ಎಳೆದು, ಇನ್ನೊಂದು ಗೆರೆ ಬರೆದು, ಮೊಹರು ಒತ್ತಿ ಸಹಿ ಹಾಕಿದರು. "ಪಾಸು. ಪ್ರಯಾಣಿಕರ ವಾಹನ. ಜವಾನ, ಒಳಗೆ ಎಷ್ಟು ಜನ ಎಣಿಸು."

"ಡ್ರೈವರ್ ಬಿಟ್ಟು ಐದು ಜನ ಸಾರ್."

"ಡ್ರೈವರ್ ಬಿಟ್ಟು ಐದು," ಎಂದು ಬರೆದುಕೊಂಡರು. "ಆರನೆಯವನು ಹತ್ತಿದರೆ ಕೇಸು. ಮೂಟೆ ಇಳಿಸಿ. ಪ್ರಯಾಣಿಕರ ಗಾಡಿಯಲ್ಲಿ ಸರಕು ಹಾಕಿದರೂ ಕೇಸು."

ಲಾರಿಯಲ್ಲಿ ಜಯಘೋಷವಾಯಿತು. ಕೆಂಚವೀರಪ್ಪ ಮೇಜನ್ನೇ ಹಿಡಿದುಕೊಂಡ.

"ಸ್ವಾಮಿ, ಅದು ಸರಕಿಂದ ಸ್ವಾಮಿ! ನನಗ ಮಂಡಕ್ಕಿ ಒಯ್ಯಾಕ ಬೇಕು. ಮೊದಲಿನಂಗ ಬರದ್ಬಿಡ್ರಿ, ನಿಮ್ಮ ಕಾಲಿಗೆ ಬೀಳ್ತೀನಿ."

"ಬರೀಬಹುದು. ಆದರೆ ಸರಕಿನ ಗಾಡಿ ಅಂತ ಬರೆದರೆ ಆ ಐದು ಜನದ ಮೇಲೆ ಕೇಸೂ ಬರೀಬೇಕಲ್ಲ? ಗಾಡಿ ಇಲ್ಲೇ ನಿಲ್ಲುತ್ತೆ. ಯಾವುದು ಬರೀಲಿ?"

ಕೆಂಚವೀರಪ್ಪ ಕೈಯಾರೆ ನಾಲ್ಕು ಮೂಟೆ ಇಳಿಸಿದ.

"ಹೆಂಗ ಉಳಿಸಿದ್ವಿ ನೋಡಪ್ಪ!" ಎಂದ ಉಚ್ಚೆಂಗಪ್ಪ. ಅವನ ಮುಖದಲ್ಲಿ ನಿಜವಾದ ಸಂತೋಷವಿತ್ತು. "ನೀ ಇಲ್ಲೇ ಇರು. ನಾವು ಸುಗ್ರಾಬಕ್ಕನ್ನ ಮಗಳ ಮನೀಗೆ ಬಿಟ್ಟು, ಗುಡಿಗೆ ಹೋಗಿ ಬರ್ತೀವಿ." ದುರುಗಮ್ಮ ಗಂಡನನ್ನು ಅಯ್ಯೋ ಪಾಪ ಎಂಬಂತೆ ನೋಡಿದಳು, ಆದರೆ ಇಳಿಯಲಿಲ್ಲ. "ಪೋಂ" ಎಂದು ಲಾರಿ ಹೋಯಿತು.

ಕೆಂಚವೀರಪ್ಪ ರಸ್ತೆಯ ಬದಿಗೆ ಮೂಟೆಯ ಮೇಲೆ ಕೂತ. ಒಂಬತ್ತೂವರೆ ಆಗಿತ್ತು. ಹತ್ತಕ್ಕೆ ಅಂಗಡಿಯವನು ಬೇರೆ ಭಟ್ಟಿಗೆ ಹೇಳಿಕಳಿಸುತ್ತಾನೆ. ಎರಡು ತಿಂಗಳು ಇಡೀ ಓಣಿ ಸೇರಿ ಕಟ್ಟಿದ ಲಾರಿ ಪಾಸೂ ಆಯಿತು, ತನಗೆ ಇಲ್ಲವೂ ಆಯಿತು. ಅವನಿಗೆ ಅಳು ಬಂತು. ಅತ್ತರೆ ಮಂಡಕ್ಕಿ ಮೆತ್ತಗಾದೀತೆಂದು ತಡೆದುಕೊಂಡ.

ಅಷ್ಟರಲ್ಲಿ ಕೈಯನ್ನು ಯಾರೋ ನೆಕ್ಕಿದಂತಾಯಿತು. ತಲೆಯೆತ್ತಿದರೆ ಕೆಂದ. ಪಕ್ಕದಲ್ಲಿ ಮೈಲಾರಿ. ಗಾಡಿಯ ಮೇಲೆ ಸಾರಥಿಯ ಮಾರಪ್ಪ.

"ನಾ ಸಂತಿಗೆ ಹೊಂಟಿದ್ದೆ. ಇವು ನಿನ್ನ ನೋಡಿ ನಿಂತಬಿಟ್ವು," ಎಂದ ಮಾರಪ್ಪ. "ಲಾರಿ ಏನಾತು? ಪಾಸಾತಾ?"

"ಆತು."

"ಮತ್ತ ನೀ ಯಾಕ ಇಲ್ಲಿ ಕುಂತೀ?"

ಕೆಂಚವೀರಪ್ಪ ಮೂಟೆಗಳ ಕಡೆ ಕೈ ತೋರಿಸಿ, "ಇವು ಹತ್ತರೊಳಗ ಅಂಗಡಿಗೆ ಮುಟ್ಟಬೇಕು," ಎಂದ. ಮಾರಪ್ಪ ಒಳ್ಳೆಯವನು, ಹೆಚ್ಚು ಕೇಳದೆ ಮೂಟೆ ಹೇರಿಸಿಕೊಂಡ. ಇಬ್ಬರೂ ಹತ್ತಿ ಕೂರುವುದಕ್ಕೂ ಹಿಂದಿನಿಂದ "ಪೋಂ" ಎಂದು ಲಾರಿ ಬಂದು ನಿಲ್ಲುವುದಕ್ಕೂ ಸರಿಹೋಯಿತು.

"ಕೆಂಚಾ!" ಉಚ್ಚೆಂಗಪ್ಪ ಕೂಗಿದ. "ಸುಗ್ರಾಬಕ್ಕ ಇಳದ್ಲು, ಒಂದು ಜಾಗ ಖಾಲಿ ಆತು. ಗುಡಿಗೆ ಹೋಗಾಣ ಬಾ, ಕಾನೂನು ಪ್ರಕಾರ ಕೂಡು!"

ಕೆಂಚವೀರಪ್ಪನ ಮುಖ ಅರಳಿತು. ಮೂಟೆ ಮಾರಪ್ಪನ ಗಾಡಿಯಲ್ಲಿ ಹೋಗಲಿ, ತಾನೊಂದು ಸಲ ತನ್ನ ಲಾರಿಯೊಳಗೆ ಕೂತು ನೋಡಬೇಕು. ಅವನು ಒಂದು ಕಾಲು ಕೆಳಗಿಟ್ಟ. ಅಷ್ಟರಲ್ಲಿ ಮಾರಪ್ಪ ಎರಡೂ ಕಾಲು ಕೆಳಗಿಟ್ಟು ಲಾರಿಯ ಹತ್ತಿರ ಹೋಗಿಬಿಟ್ಟಿದ್ದ. ಗಾಜಿನ ಕಣ್ಣು ಸವರಿದ, ಬಾಗಿಲು ತಟ್ಟಿದ, ಒಳಗೆ ಇಣುಕಿದ.

"ಅಬ್ಬಬ್ಬ, ನಮ್ಮಪ್ಪನ ಲಾರಿ ಓಡಾಕ ಹತ್ತೈತೆ! ಹೆಂಗ ಓಡತೈತೆ ಅಂತ ನಾ ಒಂದ್ಸಲ ನೋಡಬೇಕಲ್ಲೋ." ಎನ್ನುತ್ತಲೇ ಹತ್ತಿ ಕೌದಿಯ ಮೇಲೆ ಕೂತ.

"ಮಾರಪ್ಪಣ್ಣ, ಅದು ನನ್ನ ಜಾಗ!"

"ಹಂಗಂದ್ರ ಹೆಂಗಪ್ಪ? ಒಬ್ಬರದು ಹಲಗಿ ಅಂತ, ಒಬ್ಬರದು ತಗಡು ಅಂತ. ಇದರ ಮೈಯೆಲ್ಲ ನಂದಲ್ಲೇನು?"

ಲಾರಿಯಲ್ಲಿದ್ದವರೆಲ್ಲ ನ್ಯಾಯವೆಂದು ತಲೆಯಾಡಿಸಿದರು.

"ಡ್ರೈವರ್ ಬಿಟ್ಟು ಐದು. ಬರಾಬರ್," ಎಂದ ಮಕ್ತುಮ್ ಸಾಬ್ ಗೇರು ಹಾಕುತ್ತ.

"ಗಾಡಿ ನೀನ ಹೊಡ್ಕಂಡು ಬಾ ಕೆಂಚಪ್ಪ," ಎಂದು ಮಾರಪ್ಪ ದೂಳಿನೊಳಗಿಂದ ಕೂಗಿದ. "ಎತ್ತಿಗೆ ನೀರು ಕುಡಸು!"

ಕೆಂಚವೀರಪ್ಪ ಹಗ್ಗ ಹಿಡಿದ. ಎಲ್ಲಿಗೆ ಹೋಗಬೇಕೆಂದು ಕೆಂದನಿಗೂ ಮೈಲಾರಿಗೂ ಹೇಳಬೇಕಾಗಲಿಲ್ಲ. ಅವು ಆಗಲೇ ಅಂಗಡಿಯ ದಾರಿ ಹಿಡಿದಿದ್ದವು, ಎಂದಿನ ಹಾಗೆ, ಅವಸರವಿಲ್ಲದೆ.